ಹೊಸದಾಗಿ ಜೋಡಿಸಿದ ಕಂಪ್ಯೂಟರ್ ಆನ್ ಆಗ್ತಿಲ್ವಾ? ಬಿಚ್ಚೋ ಮೊದಲು ಇದನ್ನು ಓದಿ

ಏಪ್ರಿಲ್ ತಿಂಗಳ ವಿಜಯಪುರ, ಮಧ್ಯಾಹ್ನ ಎರಡು ಗಂಟೆ. ಹೊರಗೆ 40 ಡಿಗ್ರಿ ಬಿಸಿಲು, ಒಳಗೆ ಸೀಲಿಂಗ್ ಫ್ಯಾನ್ ಬಿಸಿಗಾಳಿಯನ್ನೇ ತಿರುವಿ ಹಾಕುತ್ತಿತ್ತು. ನಮ್ಮ ಅಕ್ಕನ ಮಗ ನೆಲದ ಮೇಲೆ ಚಾಪೆ ಹಾಸಿಕೊಂಡು, ಬೆಳಿಗ್ಗೆಯಿಂದ ಆರು ತಾಸು ಕೂತು, ತನ್ನ ಮೊದಲ ಕಂಪ್ಯೂಟರ್ ಜೋಡಿಸಿ ಮುಗಿಸಿದ್ದ. ಎರಡು ವರ್ಷ ದುಡ್ಡು ಕೂಡಿಸಿ ತರಿಸಿದ ಸಾಮಾನು. ಮನೆಯವರೆಲ್ಲ ಸುತ್ತ ನಿಂತಿದ್ದರು, ಅಕ್ಕ ಊದುಬತ್ತಿ ಕೂಡ ಹಚ್ಚಿದ್ದಳು. ಹುಡುಗ ಗುಂಡಿ ಒತ್ತಿದ. ಸಿಪಿಯು ಮೇಲಿನ ಫ್ಯಾನ್ ಕಾಲು ಸುತ್ತು ತಿರುಗಿ ನಿಂತುಬಿಟ್ಟಿತು. ಮತ್ತೆ ಒತ್ತಿದ. ಏನೂ ಇಲ್ಲ. ನಮ್ಮ ಗೋಳಗುಮ್ಮಟದಲ್ಲಿ ಒಂದು ಸಲ ಕೂಗಿದರೆ ಏಳು ಸಲ ತಿರುಗಿ ಕೇಳುತ್ತೆ ಅಂತಾರೆ, ಇಲ್ಲಿ ಏಳು ಸಲ ಒತ್ತಿದರೂ ಒಂದು ಉತ್ತರ ಇಲ್ಲ.

"ಮಾಮಾ, ಮದರ್‌ಬೋರ್ಡ್ ಸತ್ತಿದೆ, ವಾಪಸ್ ಕಳಿಸೋಣ" ಅಂತ ಫೋನ್ ಬಂತು. ಮದರ್‌ಬೋರ್ಡ್ ಸತ್ತಿರಲಿಲ್ಲ. ಕಡಲೆಕಾಳಿನಷ್ಟು ದೊಡ್ಡ ಒಂದು ಹಿತ್ತಾಳೆ ತುಂಡು ಅಷ್ಟೆಲ್ಲ ಮಾಡಿತ್ತು. ಅದು ಎಲ್ಲಿತ್ತು ಅಂತ ಆಮೇಲೆ ಹೇಳ್ತೀನಿ.

ನನ್ನದು ಕಂಪ್ಯೂಟರ್ ಅಂಗಡಿ ಅಲ್ಲ. ನೆಂಟರಿಗೆ, ಗೆಳೆಯರಿಗೆ ಜೋಡಿಸಿ ಕೊಟ್ಟು ಕೊಟ್ಟು ಕೈ ಕುದುರಿದೆ, ಅಷ್ಟೇ. ಇಷ್ಟು ವರ್ಷದಲ್ಲಿ ಮೊದಲ ಸಲಕ್ಕೇ ಆನ್ ಆಗದ ಮಷಿನ್ ಬೇಕಾದಷ್ಟು ನೋಡಿದ್ದೇನೆ, ಆದರೆ ಅವುಗಳಲ್ಲಿ ನಿಜವಾಗಿ ಭಾಗವೇ ಕೆಟ್ಟಿದ್ದು ಒಂದೇ ಒಂದು ಸಲ. ಉಳಿದಿದ್ದೆಲ್ಲ ಅರ್ಧ ಕೂತ ರ‍್ಯಾಮ್, ಮರೆತ ಕೇಬಲ್, ತಪ್ಪು ಜಾಗಕ್ಕೆ ಸಿಕ್ಕಿಸಿದ ವೈರ್. ಹಾಗಾಗಿ ಮೊದಲು ಗಾಬರಿ ಬಿಡಿ. ಎಲ್ಲಾ ಬಿಚ್ಚಿ ಮತ್ತೆ ಮೊದಲಿಂದ ಜೋಡಿಸ್ತೀನಿ ಅನ್ನೋ ಹುಮ್ಮಸ್ಸೂ ಬೇಡ. ಹಾಗೆ ಮಾಡಿದರೆ ಎರಡನೇ ಸಲ ಆನ್ ಆದರೂ ತಪ್ಪು ಏನಿತ್ತು ಅಂತ ಗೊತ್ತಾಗಲ್ಲ, ಆಗದಿದ್ದರೆ ಹಳೆ ತಪ್ಪಿನ ಜೊತೆ ಹೊಸದೊಂದು ಸೇರಿಕೊಂಡಿರುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಗುಂಡಿ ಒತ್ತಿ ನೋಡಿ, ಆಮೇಲೆ ಮುಂದಿನದು.

ಮತ್ತೆ, ಗುಂಡಿ ಒತ್ತಿದಾಗ ಏನಾಗುತ್ತದೆ ಅಂತ ಸರಿಯಾಗಿ ನೋಡಿ. "ಆನ್ ಆಗ್ತಿಲ್ಲ" ಅಂತ ಎಲ್ಲರೂ ಹೇಳ್ತಾರೆ, ಆದರೆ ಅದು ಮೂರು ಬೇರೆ ಬೇರೆ ಕಾಯಿಲೆ. ಒಂದು, ಫ್ಯಾನ್ ಇಲ್ಲ, ಲೈಟ್ ಇಲ್ಲ, ಏನೂ ಇಲ್ಲ. ಇನ್ನೊಂದು, ನಮ್ಮ ಹುಡುಗನ ಮಷಿನ್ ಹಾಗೆ ಫ್ಯಾನ್ ಒಂಚೂರು ಅಲುಗಿ ನಿಲ್ಲುವುದು. ಮೂರನೆಯದು, ಫ್ಯಾನ್ ಎಲ್ಲಾ ಚೆನ್ನಾಗಿ ತಿರುಗುತ್ತವೆ, ಬಣ್ಣದ ಲೈಟ್ ಕೂಡ ಝಗಝಗ, ಆದರೆ ಪರದೆ ಕಪ್ಪು. ನಿಮ್ಮದು ಯಾವುದು ಅಂತ ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ.

ಏನೂ ಇಲ್ಲ ಅಂದರೆ ಗೋಡೆಯಿಂದ ಶುರು ಮಾಡಿ

ನಗಬೇಡಿ, ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ, ಅಂದರೆ ಎಸ್‌ಎಂಪಿಎಸ್ ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತದೆ. ಗೆರೆ ಇರುವ ಕಡೆ ಒತ್ತಿದರೆ ಆನ್, ಸೊನ್ನೆ ಇರುವ ಕಡೆ ಆಫ್. ಇದನ್ನು ಮರೆತು ಒಂದು ಸಂಜೆ ಪೂರ್ತಿ ಹಾಳು ಮಾಡಿಕೊಂಡವರಲ್ಲಿ ನಾನೂ ಒಬ್ಬ. ಆಮೇಲೆ ಪವರ್ ಕೇಬಲ್ ಅನ್ನು ಎಸ್‌ಎಂಪಿಎಸ್‌ಗೆ ಒತ್ತಿ ಕೂರಿಸಿ. ಹೊಸ ಕೇಬಲ್ ತುಂಬಾ ಬಿಗಿ ಇರುತ್ತದೆ, ಹೋಗಿದೆ ಅನ್ನಿಸಿದ ಮೇಲೂ ಇನ್ನೂ ಕಾಲು ಇಂಚು ಹೋಗುವುದು ಬಾಕಿ ಇರುತ್ತದೆ.

ಎಕ್ಸ್‌ಟೆನ್ಷನ್ ಬೋರ್ಡ್ ಬಿಟ್ಟು ನೇರ ಗೋಡೆಯ ಸಾಕೆಟ್‌ಗೆ ಹಾಕಿ ನೋಡಿ. ಅದೇ ಸಾಕೆಟ್‌ಗೆ ಇಸ್ತ್ರಿ ಪೆಟ್ಟಿಗೆಯನ್ನೋ ಟೇಬಲ್ ಲ್ಯಾಂಪನ್ನೋ ಹಚ್ಚಿ ಕರೆಂಟ್ ಬರ್ತಿದೆಯಾ ನೋಡಿಕೊಳ್ಳಿ. ಯುಪಿಎಸ್ ಇದ್ದರೆ ಅದನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ಕೆಲವು ಅಗ್ಗದ ಎಸ್‌ಎಂಪಿಎಸ್‌ಗಳ ಹಿಂದೆ 115 ಮತ್ತು 230 ಅಂತ ಬರೆದ ಕೆಂಪು ಸ್ವಿಚ್ ಇರುತ್ತದೆ, ಅದು 230ರಲ್ಲೇ ಇರಬೇಕು. ನಮ್ಮ ಮನೆಗೆ ಬರುವ ಕರೆಂಟ್ 230 ವೋಲ್ಟ್. ಅದನ್ನು 115ಕ್ಕೆ ತಳ್ಳಿ ಆನ್ ಮಾಡಿದರೆ ಢಂ ಅಂತ ಶಬ್ದ ಬರುತ್ತದೆ, ಆಮೇಲೆ ಈ ಲೇಖನದಿಂದ ಉಪಯೋಗ ಇಲ್ಲ.

ಇಲ್ಲಿ ಒಂದು ಮಾತು ಅರ್ಥಿಂಗ್ ಬಗ್ಗೆ. ನಮ್ಮ ಕಡೆ ಹಳೆ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಮೇಲಿನ ದೊಡ್ಡ ತೂತಿಗೆ ಮಾತ್ರ ಒಳಗೆ ವೈರೇ ಇರಲ್ಲ. ಕ್ಯಾಬಿನೆಟ್ಟಿನ, ಅಂದರೆ ಕಂಪ್ಯೂಟರಿನ ಹೊರಡಬ್ಬದ, ಕಬ್ಬಿಣದ ಭಾಗ ಮುಟ್ಟಿದರೆ ಬೆರಳ ತುದಿಗೆ ಜುಮ್ ಅನ್ನುತ್ತಾ? ಟೆಸ್ಟರ್ ಇಟ್ಟರೆ ಮಂದವಾಗಿ ಹತ್ತುತ್ತಾ? ಹಾಗಿದ್ದರೆ ಅರ್ಥಿಂಗ್ ಇಲ್ಲ ಅನ್ನುವುದೇ ಮೊದಲ ಗುಮಾನಿ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ತುಸು ಕರೆಂಟನ್ನು ಅರ್ಥಿಗೆ ಬಿಡುತ್ತವೆ, ಅದಕ್ಕೆ ಹೋಗಲು ದಾರಿ ಇಲ್ಲದಿದ್ದರೆ ಕ್ಯಾಬಿನೆಟ್ ಮೈಮೇಲೆ ಕೂರುತ್ತದೆ. ಇನ್ನು ಅರ್ಥಿಂಗ್ ಇದ್ದ ಮನೆಯಲ್ಲೂ ಬೇಸಿಗೆಯಲ್ಲಿ ಅದು ಸೊರಗುತ್ತದೆ. ನಮ್ಮದು ಎರೆ ಮಣ್ಣು ನೋಡಿ, ಒಣಗಿದರೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ನೆಲದೊಳಗಿನ ಅರ್ಥ್ ಪೈಪಿನ ಸುತ್ತಲೂ ಹೀಗೆ ಬಿರುಕು ಬಿಟ್ಟರೆ ಪೈಪಿಗೂ ಮಣ್ಣಿಗೂ ಸಂಬಂಧ ತಪ್ಪುತ್ತದೆ. ಅದಕ್ಕೇ ಹಳೆ ಎಲೆಕ್ಟ್ರಿಷಿಯನ್‌ಗಳು ಆ ಗುಂಡಿಗೆ ಉಪ್ಪು ಇದ್ದಿಲು ತುಂಬಿಸಿ, ಬೇಸಿಗೆಯಲ್ಲಿ ಒಂದು ಕೊಡ ನೀರು ಹಾಕ್ತಾ ಇರಿ ಅಂತ ಹೇಳುತ್ತಿದ್ದದ್ದು. ಈ ಕಾರಣಕ್ಕೆ ನಿಮ್ಮ ಮಷಿನ್ ಆನ್ ಆಗ್ತಿಲ್ಲ ಅಂತ ಅಲ್ಲ, ಆದರೆ ಜುಮ್ ಅನ್ನುವ ಕ್ಯಾಬಿನೆಟ್ಟಿನೊಳಗೆ ಕೈ ಹಾಕಿ ಕೆಲಸ ಮಾಡಬೇಡಿ, ಒಬ್ಬ ಎಲೆಕ್ಟ್ರಿಷಿಯನ್ ಕರೆಸಿ ತೋರಿಸಿ. ಒಳಗಿನ ಯಾವುದೇ ಕೆಲಸಕ್ಕೂ ಮೊದಲು ಗೋಡೆಯ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಒಂದು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಉಳಿದ ಚಾರ್ಜ್ ಇಳಿಯುತ್ತದೆ.

ಗೋಡೆ ಸರಿ ಇದೆ, ಎಸ್‌ಎಂಪಿಎಸ್ ಸ್ವಿಚ್ ಸರಿ ಇದೆ, ಆದರೂ ಏನೂ ಇಲ್ಲ. ಈಗ ನನ್ನ ಮೊದಲ ಅನುಮಾನ ಕ್ಯಾಬಿನೆಟ್ಟಿನ ಪವರ್ ಗುಂಡಿಯ ವೈರ್ ಮೇಲೆ. ಮದರ್‌ಬೋರ್ಡಿನ ಕೆಳಗಿನ ಬಲ ಮೂಲೆಯಲ್ಲಿ ಎರಡು ಸಾಲಾಗಿ ನಿಂತ ಒಂಬತ್ತು ಸಣ್ಣ ಪಿನ್‌ಗಳಿರುತ್ತವೆ. ಅಕ್ಕಿಕಾಳಿಗಿಂತ ತೆಳ್ಳಗೆ. ಪವರ್ ಸ್ವಿಚ್, ರೀಸೆಟ್ ಸ್ವಿಚ್, ಎರಡು ಲೈಟು, ಇಷ್ಟೂ ಅಲ್ಲಿಗೇ ಬರಬೇಕು. ಅಕ್ಷರಗಳು ಎಷ್ಟು ಸಣ್ಣ ಅಂದರೆ ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಬೇಕು. ಒಂದು ಪಿನ್ ಆಚೀಚೆ ಆದರೂ ಗುಂಡಿ ಸತ್ತ ಹಾಗೆ. ಸ್ವಿಚ್‌ನ ವೈರನ್ನು ಹೇಗೆ ತಿರುಗಿಸಿ ಹಾಕಿದರೂ ನಡೆಯುತ್ತದೆ, ಲೈಟಿನದು ಮಾತ್ರ ಪ್ಲಸ್ ಮೈನಸ್ ಸರಿ ಇರಬೇಕು, ಇಲ್ಲದಿದ್ದರೆ ಲೈಟ್ ಹತ್ತಲ್ಲ ಅಷ್ಟೇ, ಏನೂ ಸುಡಲ್ಲ.

ಗುಂಡಿ ಮೇಲೆ ಅನುಮಾನ ಇದ್ದರೆ ಗುಂಡಿಯನ್ನೇ ಬಿಟ್ಟುಬಿಡಿ. ಆ ವೈರ್ ಕಿತ್ತು, ಪವರ್ ಸ್ವಿಚ್ ಅಂತ ಮ್ಯಾನುಯಲ್‌ನಲ್ಲಿ ತೋರಿಸಿದ ಎರಡು ಪಿನ್‌ಗಳನ್ನು ಗುರುತಿಸಿ, ಸ್ಕ್ರೂಡ್ರೈವರ್ ತುದಿಯಿಂದ ಎರಡನ್ನೂ ಒಟ್ಟಿಗೆ ಒಂದು ಕ್ಷಣ ಮುಟ್ಟಿಸಿ ತೆಗೆಯಿರಿ. ಗುಂಡಿ ಒತ್ತಿದಾಗ ಆಗುವುದೂ ಇಷ್ಟೇ, ಎರಡು ಪಿನ್ ಒಂದು ಕ್ಷಣ ಕೂಡುತ್ತವೆ. ಅಲ್ಲಿರುವುದು ತೀರಾ ಸಣ್ಣ ವೋಲ್ಟೇಜ್, ಶಾಕ್ ಹೊಡೆಯಲ್ಲ. ಮಷಿನ್ ಎದ್ದರೆ ಗುಂಡಿಯೋ ಅದರ ವೈರೋ ತಪ್ಪು ಅಂತ ಸಿಕ್ಕಿತು. ಗುಂಡಿ ಕೆಟ್ಟಿದ್ದರೆ ರೀಸೆಟ್ ಗುಂಡಿಯ ವೈರನ್ನೇ ಪವರ್ ಪಿನ್‌ಗೆ ಹಾಕಿಕೊಂಡು ವರ್ಷಗಟ್ಟಲೆ ನಡೆಸಬಹುದು, ನಮ್ಮ ಮನೆಯಲ್ಲೇ ಒಂದು ಮಷಿನ್ ಹಾಗೆ ಓಡುತ್ತಿದೆ.

ಅದಕ್ಕೂ ಏಳಲಿಲ್ಲ ಅಂದರೆ ಎಸ್‌ಎಂಪಿಎಸ್‌ನಿಂದ ಬೋರ್ಡಿಗೆ ಬರುವ 24 ಪಿನ್‌ನ ದಪ್ಪ ಕೇಬಲ್ ನೋಡಿ. ಅದರ ಕೊಂಡಿ ಕಟಕ್ ಅಂತ ಬೀಳಬೇಕು. ಒತ್ತುವಾಗ ಬೋರ್ಡ್ ಬಗ್ಗುತ್ತೇನೋ ಅಂತ ಹೆದರಿ ಎಲ್ಲರೂ ಅರ್ಧಕ್ಕೆ ಬಿಡುತ್ತಾರೆ. ಬೋರ್ಡಿನ ಅಂಚಿನ ಹಿಂದೆ ಬೆರಳು ಕೊಟ್ಟುಕೊಂಡು ಒತ್ತಿ. ಕೇಬಲ್‌ಗಳನ್ನು ಬೇಕಾದ ಹಾಗೆ ಸಿಕ್ಕಿಸುವ ಮಾಡ್ಯುಲರ್ ಎಸ್‌ಎಂಪಿಎಸ್ ಆದರೆ ಅದರ ತುದಿಯನ್ನೂ ನೋಡಿ, ಆ ಕಡೆಯೇ ಸಡಿಲ ಇರಬಹುದು. ಒಂದು ಎಚ್ಚರಿಕೆ: ಹಳೆ ಎಸ್‌ಎಂಪಿಎಸ್‌ನ ಕೇಬಲ್ ಮನೆಯಲ್ಲಿದೆ ಅಂತ ಹೊಸದಕ್ಕೆ ಹಾಕಬೇಡಿ. ಒಂದೇ ಕಂಪನಿಯದಾದರೂ ಎಸ್‌ಎಂಪಿಎಸ್ ಕಡೆಯ ಪಿನ್ ಜೋಡಣೆ ಬೇರೆ ಇರಬಹುದು. 5 ವೋಲ್ಟ್ ಹೋಗಬೇಕಾದಲ್ಲಿ 12 ವೋಲ್ಟ್ ಹೋದರೆ ಡಿಸ್ಕ್ ಸುಟ್ಟು ಹೋಗುತ್ತದೆ.

ಎಸ್‌ಎಂಪಿಎಸ್ ಒಂದನ್ನೇ ಪರೀಕ್ಷೆ ಮಾಡಬೇಕು ಅಂದರೆ ಪೇಪರ್ ಕ್ಲಿಪ್ ಇದೆ. ಗೋಡೆಯ ಸ್ವಿಚ್ ಆಫ್ ಇರುವಾಗ, 24 ಪಿನ್ ಕೇಬಲನ್ನು ಬೋರ್ಡಿನಿಂದ ಬಿಚ್ಚಿ, ಅದರ ಹಸಿರು ವೈರಿನ ತೂತಿಗೂ ಪಕ್ಕದ ಕಪ್ಪು ವೈರಿನ ತೂತಿಗೂ ಬಗ್ಗಿಸಿದ ಕ್ಲಿಪ್ ಹಾಕಿ, ಆಮೇಲೆ ಸ್ವಿಚ್ ಹಾಕಿ. ಎಸ್‌ಎಂಪಿಎಸ್ ಫ್ಯಾನ್ ತಿರುಗಿದರೆ ಜೀವ ಇದೆ. ಈಗಿನ ಎಸ್‌ಎಂಪಿಎಸ್‌ಗಳಲ್ಲಿ ವೈರ್‌ಗಳೆಲ್ಲ ಕಪ್ಪೇ ಇರುತ್ತವೆ, ಆಗ ಕೊಂಡಿ ಇರುವ ಸಾಲಿನಲ್ಲಿ, ಅದರ ಲೆಕ್ಕ 13ರಿಂದ 24, 16ನೇ ಮತ್ತು 17ನೇ ಪಿನ್ ಲೆಕ್ಕ ಹಾಕಿ ಹುಡುಕಬೇಕು. ಲೆಕ್ಕ ಗಟ್ಟಿ ಇಲ್ಲದಿದ್ದರೆ ಇದಕ್ಕೆ ಕೈ ಹಾಕಲೇಬೇಡಿ, ಯಾರದ್ದಾದರೂ ಕೆಲಸ ಮಾಡುತ್ತಿರುವ ಎಸ್‌ಎಂಪಿಎಸ್ ಒಂದು ತಾಸು ಕಡ ತಂದು ಹಾಕಿ ನೋಡಿ. ಎಳೆಯುವ ಕರೆಂಟ್ ಕಡಿಮೆ ಇದ್ದಾಗ ಫ್ಯಾನ್ ತಿರುಗದ ಹಾಗೆ ಮಾಡಿದ ಎಸ್‌ಎಂಪಿಎಸ್‌ಗಳೂ ಇವೆ, ಆದ್ದರಿಂದ ಕ್ಲಿಪ್ ಪರೀಕ್ಷೆಯಲ್ಲಿ ಫ್ಯಾನ್ ನಿಂತಿದೆ ಅಂದ ಮಾತ್ರಕ್ಕೆ ಕೆಟ್ಟಿದೆ ಅಂತ ಅಲ್ಲ. ಒಂದು ಕ್ಯಾಬಿನೆಟ್ ಫ್ಯಾನನ್ನು ಅದಕ್ಕೆ ಕೊಟ್ಟರೆ ಗೊತ್ತಾಗುತ್ತದೆ. ಮತ್ತೆ, ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾವತ್ತೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್ ಮೇಲೆ ಇರಬಹುದು.

ಅಲುಗಿ ನಿಂತರೆ

ಈಗ ಹಿತ್ತಾಳೆ ತುಂಡಿನ ಕತೆ. ಫ್ಯಾನ್ ಕಾಲು ಸುತ್ತು ತಿರುಗಿ ನಿಂತು, ಮತ್ತೆ ಒತ್ತಿದರೆ ಅಷ್ಟೂ ಇಲ್ಲ ಅಂದರೆ ಸಾಮಾನ್ಯವಾಗಿ ಎಲ್ಲೋ ಶಾರ್ಟ್ ಆಗಿದೆ ಅಂತ. ಎಸ್‌ಎಂಪಿಎಸ್ ಕರೆಂಟ್ ಬಿಟ್ಟ ತಕ್ಷಣ "ಇದೇನೋ ಸರಿ ಇಲ್ಲ" ಅಂತ ತನ್ನನ್ನೇ ಮುಚ್ಚಿಕೊಳ್ಳುತ್ತದೆ. ಗೋಡೆಯ ಸ್ವಿಚ್ ಆಫ್ ಮಾಡಿ ಅರ್ಧ ನಿಮಿಷ ಕಾಯುವ ತನಕ ಅದು ಮತ್ತೆ ಪ್ರಯತ್ನ ಕೂಡ ಮಾಡಲ್ಲ. ಅದಕ್ಕೇ ನಮ್ಮ ಹುಡುಗ ಎರಡನೇ ಸಲ ಒತ್ತಿದಾಗ ಏನೂ ಆಗಲಿಲ್ಲ. ನಾನು ಹೋಗಿ ಆಫ್ ಮಾಡಿ, ಒಂದು ಲೋಟ ಮಜ್ಜಿಗೆ ಕುಡಿದು, ಮತ್ತೆ ಆನ್ ಮಾಡಿ ಒತ್ತಿದೆ. ಮತ್ತೆ ಅದೇ ಕಾಲು ಸುತ್ತು. ಅಲ್ಲಿಗೆ ಎಸ್‌ಎಂಪಿಎಸ್‌ಗೆ ಜೀವ ಇದೆ, ಗುಂಡಿಯೂ ಸರಿ ಅಂತ ಖಾತ್ರಿ ಆಯ್ತು.

"ಬೋರ್ಡ್ ಹೇಗೆ ಕೂರಿಸಿದೆ?" ಅಂತ ಕೇಳಿದೆ. ಕ್ಯಾಬಿನೆಟ್ ಜೊತೆ ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಹಿತ್ತಾಳೆಯ ಸ್ಟ್ಯಾಂಡ್‌ಆಫ್‌ಗಳು ಬರುತ್ತವಲ್ಲ, ಬೋರ್ಡನ್ನು ಕಬ್ಬಿಣದ ತಟ್ಟೆಯಿಂದ ಮೇಲೆ ಎತ್ತಿ ಹಿಡಿಯುವ ಸಣ್ಣ ಕಂಬಗಳು, ಅವನ್ನೆಲ್ಲ ಕಂಡ ಕಂಡ ತೂತಿಗೆ ತಿರುವಿ ಕೂರಿಸಿದ್ದಾನೆ ಪುಣ್ಯಾತ್ಮ. "ಇನ್ನೂ ಗಟ್ಟಿ ಇರಲಿ ಅಂತ, ಮಾಮಾ." ಅವನದು ಪೂರ್ತಿ ಅಳತೆಯ ಎಟಿಎಕ್ಸ್ ಬೋರ್ಡ್, ಅದಕ್ಕೆ ಒಂಬತ್ತು ತೂತು. ಕ್ಯಾಬಿನೆಟ್ಟಿನಲ್ಲಿ ಸಣ್ಣ ಬೋರ್ಡ್‌ಗಳಿಗೆ ಅಂತ ಬೇರೆ ತೂತುಗಳೂ ಇರುತ್ತವೆ. ಅಲ್ಲಿ ನಿಂತ ಹತ್ತನೇ ಕಂಬಕ್ಕೆ ಮೇಲೆ ಬೋರ್ಡಿನಲ್ಲಿ ತೂತಿಲ್ಲ, ಅದು ನೇರ ಹೋಗಿ ಬೋರ್ಡಿನ ಬೆನ್ನಿನ ಬೆಸುಗೆ ಚುಕ್ಕಿಗಳಿಗೆ ಒತ್ತಿಕೊಂಡಿದೆ. ಕಂಬದಿಂದ ತಟ್ಟೆಗೆ, ತಟ್ಟೆಯಿಂದ ಅರ್ಥಿಗೆ. ಬೋರ್ಡ್ ಎತ್ತಿ ತಿರುಗಿಸಿ ನೋಡಿದರೆ ಬೆನ್ನಿನ ಮೇಲೆ ಉಗುರಿನಷ್ಟು ದುಂಡನೆ ಗುರುತು. ಅದೊಂದು ತುಂಡು ತೆಗೆದು ಮತ್ತೆ ಕೂರಿಸಿದೆವು, ಎದ್ದಿತು. ಎಸ್‌ಎಂಪಿಎಸ್ ಒಳ್ಳೆಯದಿತ್ತು, ಸಮಯಕ್ಕೆ ಮುಚ್ಚಿಕೊಂಡು ಬೋರ್ಡನ್ನು ಉಳಿಸಿತ್ತು. ಎಸ್‌ಎಂಪಿಎಸ್‌ನಲ್ಲಿ ದುಡ್ಡು ಉಳಿಸಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಹಾಗಾಗಿ ನಿಮ್ಮದೂ ಅಲುಗಿ ನಿಲ್ಲುತ್ತಿದ್ದರೆ ಬೋರ್ಡನ್ನು ಕ್ಯಾಬಿನೆಟ್ಟಿನಿಂದ ಹೊರಗೆ ತೆಗೆಯಿರಿ. ಅದು ಬಂದ ರಟ್ಟಿನ ಡಬ್ಬದ ಮೇಲೆ ಇಡಿ. ಬೆಳ್ಳಿ ಬಣ್ಣದ ಆಂಟಿ ಸ್ಟ್ಯಾಟಿಕ್ ಚೀಲದ ಮೇಲೆ ಬೇಡ, ಅದರ ಹೊರಮೈ ಸ್ವಲ್ಪ ಕರೆಂಟ್ ಹರಿಸುತ್ತದೆ. ಬೋರ್ಡಿನಲ್ಲಿ ಸಿಪಿಯು, ಅದರ ಕೂಲರ್, ಒಂದೇ ಒಂದು ರ‍್ಯಾಮ್, ಇಷ್ಟೇ ಇರಲಿ. ಡಿಸ್ಕ್, ಪರದೆಗೆ ಚಿತ್ರ ಕೊಡುವ ಗ್ರಾಫಿಕ್ಸ್ ಕಾರ್ಡ್, ಕ್ಯಾಬಿನೆಟ್ಟಿನ ಯುಎಸ್‌ಬಿ ವೈರ್, ಎಲ್ಲಾ ಬಿಚ್ಚಿ. 24 ಪಿನ್ ಮತ್ತು ಸಿಪಿಯು ಕೇಬಲ್ ಹಾಕಿ ಸ್ಕ್ರೂಡ್ರೈವರ್ ಮುಟ್ಟಿಸಿ. ಎದ್ದರೆ ಒಂದೊಂದಾಗಿ ಸೇರಿಸುತ್ತಾ ಬನ್ನಿ. ಯಾವುದನ್ನು ಸೇರಿಸಿದಾಗ ಮತ್ತೆ ನಿಂತಿತೋ ಅದೇ ಕಳ್ಳ. ಕ್ಯಾಬಿನೆಟ್ಟಿನ ಮುಂದಿನ ಯುಎಸ್‌ಬಿ ಕೇಬಲ್ ಹಾಕುವಾಗ ಪಿನ್ ಬಗ್ಗಿ ಪಕ್ಕದ ಪಿನ್‌ಗೆ ತಗುಲಿ ಮಷಿನ್ ಏಳದೆ ಕೂತಿದ್ದನ್ನು ನೋಡಿದ್ದೇನೆ. ಬೋರ್ಡ್ ಹಿಂದೆ ಬಿದ್ದುಹೋದ ಸ್ಕ್ರೂ ಕೂಡ ಇದೇ ಆಟ ಆಡಿಸುತ್ತದೆ, ಜೋಡಿಸುವಾಗ ಕೈ ಜಾರಿದ ಸ್ಕ್ರೂ ಸಿಗುವ ತನಕ ಮುಂದೆ ಹೋಗಲೇಬೇಡಿ.

ಇನ್ನೊಂದು ದೊಡ್ಡ ಮರೆವು ಸಿಪಿಯು ಕೇಬಲ್. ಬೋರ್ಡಿನ ಮೇಲಿನ ಎಡ ಮೂಲೆಯಲ್ಲಿ 8 ಪಿನ್‌ನ ಸಾಕೆಟ್ ಇರುತ್ತದೆ, ಕ್ಯಾಬಿನೆಟ್ ಒಳಗೆ ಅದು ಕಣ್ಣಿಗೇ ಬೀಳಲ್ಲ, ಕೈಯೂ ಸರಿಯಾಗಿ ಹೋಗಲ್ಲ. 24 ಪಿನ್ ಹಾಕಿದರೆ ಸಾಕು ಅಂದುಕೊಂಡು ಇದನ್ನು ಬಿಟ್ಟವರು ಬಹಳ. ಇದಿಲ್ಲದೆ ಸಿಪಿಯು ಏಳಲ್ಲ. ಇನ್ನು ಗ್ರಾಫಿಕ್ಸ್ ಕಾರ್ಡಿಗೆ ಹೋಗುವ ಕೇಬಲ್ ಕೂಡ 8 ಪಿನ್ನಿನದೇ, ನೋಡಲು ಒಂದೇ ಥರ. ಎರಡಾಗಿ ಬಿಡಿಸಿದರೆ ನಾಲ್ಕು ನಾಲ್ಕು ಆಗುವುದು ಸಿಪಿಯುದು, ಆರು ಮತ್ತು ಎರಡು ಆಗುವುದು ಗ್ರಾಫಿಕ್ಸ್‌ದು. 12 ವೋಲ್ಟ್ ಮತ್ತು ಅರ್ಥ್ ಇವೆರಡರಲ್ಲಿ ತಿರುಗಾ ಮುರುಗಾ ಇವೆ. ತೂತಿನ ಆಕಾರ ಬೇರೆ ಇರುವುದರಿಂದ ಸುಲಭಕ್ಕೆ ಹೋಗಲ್ಲ, ಆದರೆ ಜೋರು ಮಾಡಿ ತುರುಕುವವರ ಕೈಗೆ ಏನು ತಾನೇ ನಿಲ್ಲುತ್ತೆ?

ಫ್ಯಾನ್ ತಿರುಗುತ್ತೆ, ಪರದೆ ಕಪ್ಪು

ಹೆಚ್ಚಿನವರು ಬಂದು ನಿಲ್ಲುವುದು ಇಲ್ಲೇ. ಮೊದಲು ಮಾನಿಟರ್ ಕೇಬಲ್ ಎಲ್ಲಿ ಹಾಕಿದ್ದೀರಿ ನೋಡಿ. ಗ್ರಾಫಿಕ್ಸ್ ಕಾರ್ಡ್ ಹಾಕಿದ್ದರೆ ಎಚ್‌ಡಿಎಂಐ ಕೇಬಲ್ ಕೆಳಗೆ ಅಡ್ಡಡ್ಡ ಇರುವ ಕಾರ್ಡಿನ ತೂತಿಗೆ ಹೋಗಬೇಕು, ಮೇಲೆ ಯುಎಸ್‌ಬಿ ಪಕ್ಕದಲ್ಲಿರುವ ಬೋರ್ಡಿನ ತೂತಿಗೆ ಅಲ್ಲ. ಬೋರ್ಡಿನಲ್ಲಿ ತೂತಿದೆ ಅಂದ ಮಾತ್ರಕ್ಕೆ ಅಲ್ಲಿ ಚಿತ್ರ ಬರುತ್ತೆ ಅಂತೇನಿಲ್ಲ, ಸಿಪಿಯು ಒಳಗೆ ಗ್ರಾಫಿಕ್ಸ್ ಇದ್ದರೆ ಮಾತ್ರ ಬರುತ್ತದೆ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಎಫ್ ಇದ್ದರೆ, ಅಂದರೆ 12400ಎಫ್ ಥರದವು, ಒಳಗೆ ಗ್ರಾಫಿಕ್ಸ್ ಇಲ್ಲ. ಎಎಂಡಿ ರೈಜನ್ 5600 ಒಳಗೂ ಇಲ್ಲ, 5600ಜಿ ಒಳಗಿದೆ. ದುಡ್ಡು ಉಳಿಯುತ್ತೆ ಅಂತ ಎಫ್ ಸಿಪಿಯು ತಗೊಂಡು, ಕಾರ್ಡ್ ಮುಂದಿನ ತಿಂಗಳು ನೋಡೋಣ ಅಂತ ಬಿಟ್ಟವರು ನಮ್ಮ ಗುಂಪಿನಲ್ಲೇ ಇಬ್ಬರಿದ್ದಾರೆ. ಪಾಪ, ಒಂದು ತಿಂಗಳು ಬಣ್ಣದ ಲೈಟ್ ನೋಡಿಕೊಂಡು ಕೂತಿದ್ದರು. ಕಾರ್ಡ್ ಇದ್ದರೆ ಅದರ ಪವರ್ ಕೇಬಲ್ ಪೂರ್ತಿ ಕೂತಿದೆಯಾ ನೋಡಿ, ಮಾನಿಟರ್‌ನಲ್ಲಿ ಸರಿಯಾದ ಇನ್‌ಪುಟ್ ಆರಿಸಿದ್ದೀರಾ ನೋಡಿ. ಮಾನಿಟರ್ ಬದಲು ಮನೆಯ ಟಿವಿಗೆ ಹಚ್ಚಿ ನೋಡುವುದೂ ಒಳ್ಳೆ ಉಪಾಯ.

ಮುಂದಿನದು ರ‍್ಯಾಮ್. ಪರದೆ ಕಪ್ಪು ಅಂದರೆ ನಾನು ಕಣ್ಣು ಮುಚ್ಚಿಕೊಂಡು ಮೊದಲು ಬೈಯುವುದು ರ‍್ಯಾಮಿಗೇ. ನಾಲ್ಕು ಸಾಕೆಟ್ ಇದ್ದು ಎರಡು ಪಟ್ಟಿ ಇದ್ದರೆ, ಸಿಪಿಯು ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದು. ಬೋರ್ಡಿನ ಮೇಲೆ ಎ2, ಬಿ2 ಅಂತ ಬರೆದಿರುತ್ತದೆ. ಈಗ ಕೂರಿಸುವ ರೀತಿ. ಪಟ್ಟಿಯ ಕೆಳಗಿನ ಕಚ್ಚು ಸಾಕೆಟ್ಟಿನ ಗುಬ್ಬಿಗೆ ಹೊಂದಬೇಕು. ಎರಡು ಹೆಬ್ಬೆರಳು ಎರಡು ತುದಿಗೆ ಇಟ್ಟು ನೇರ ಕೆಳಗೆ ಒತ್ತಿ. ಕೆಲವು ಬೋರ್ಡಿನಲ್ಲಿ ಒಂದೇ ಕಡೆ ಕೊಂಡಿ ಇರುತ್ತದೆ, ಅಲ್ಲಿ ಮೋಸ ಹೋಗುವುದು ಜಾಸ್ತಿ, ಕೊಂಡಿ ಇರುವ ಕಡೆ ಟಕ್ ಅಂದಿರುತ್ತದೆ, ಇನ್ನೊಂದು ತುದಿ ಒಂದು ಕೂದಲಿನಷ್ಟು ಮೇಲೇ ಉಳಿದಿರುತ್ತದೆ. ಕಣ್ಣನ್ನು ಬೋರ್ಡಿನ ಮಟ್ಟಕ್ಕೆ ತಂದು ಪಕ್ಕದಿಂದ ನೋಡಿ. ಚಿನ್ನದ ಬಣ್ಣದ ಗೆರೆ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಕಂಡರೆ ಅದು ಕೂತಿಲ್ಲ. ಆಮೇಲೆ ಒಂದೇ ಪಟ್ಟಿ ಹಾಕಿ ನೋಡಿ, ಅದನ್ನು ತೆಗೆದು ಇನ್ನೊಂದು ಹಾಕಿ ನೋಡಿ.

ಹೊಸ ತಲೆಮಾರಿನ ಡಿಡಿಆರ್5 ರ‍್ಯಾಮ್ ಇದ್ದರೆ ಇನ್ನೊಂದು ಮಾತು, ಇದನ್ನು ಯಾರೂ ಮೊದಲೇ ಹೇಳಲ್ಲ. ಮೊದಲ ಸಲ ಆನ್ ಮಾಡಿದಾಗ ಬೋರ್ಡ್ ರ‍್ಯಾಮ್ ಜೊತೆ ಹೊಂದಿಕೊಳ್ಳಲು ತಾನೇ ಪರೀಕ್ಷೆ ನಡೆಸುತ್ತದೆ, ಮೆಮೊರಿ ಟ್ರೇನಿಂಗ್ ಅಂತಾರೆ. ಅಷ್ಟು ಹೊತ್ತೂ ಪರದೆ ಕಪ್ಪು. ಎಎಂಡಿಯ ಎಎಂ5 ಸಾಕೆಟ್ ಇರುವ ಬೋರ್ಡ್‌ಗಳಲ್ಲಿ ಇದಕ್ಕೆ ಹಲವು ನಿಮಿಷ ಹಿಡಿಯುತ್ತದೆ, ರ‍್ಯಾಮ್ ಜಾಸ್ತಿ ಇದ್ದಷ್ಟೂ ಇನ್ನೂ ತಡ. ಮಧ್ಯೆ ತಾನೇ ಆಫ್ ಆಗಿ ಆನ್ ಆಗಲೂಬಹುದು. ಎರಡು ನಿಮಿಷ ನೋಡಿ ಬೇಜಾರಾಗಿ ಆಫ್ ಮಾಡಿದರೆ ಮತ್ತೆ ಮೊದಲಿಂದ ಶುರು. ಸುಮ್ನೆ ಆನ್ ಮಾಡಿ ಅಡುಗೆಮನೆಗೆ ಹೋಗಿ ಚಹಾ ಮಾಡಿಕೊಂಡು ಬನ್ನಿ. ಹದಿನೈದು ನಿಮಿಷ ಬಿಟ್ಟರೂ ಏನೂ ಹಾಳಾಗಲ್ಲ. ಆ ಹೊತ್ತಿನಲ್ಲಿ ಕರೆಂಟ್ ಹೋಗದಿದ್ದರೆ ಸಾಕು.

ಈಗಿನ ಬಹುಪಾಲು ಬೋರ್ಡ್‌ಗಳಲ್ಲಿ ಬಲ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ನಾಲ್ಕು ಲೈಟ್ ಇರುತ್ತವೆ. ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಅಂತ ಪಕ್ಕದಲ್ಲಿ ಬರೆದಿರುತ್ತದೆ. ಆನ್ ಮಾಡಿದಾಗ ಒಂದೊಂದಾಗಿ ಹತ್ತಿ ಆರುತ್ತವೆ, ಎಲ್ಲಿ ನಿಲ್ಲುತ್ತದೋ ಅಲ್ಲಿ ತೊಂದರೆ. ಡಿರ‍್ಯಾಮ್ ಮೇಲೆ ನಿಂತರೆ ಮೇಲೆ ರ‍್ಯಾಮ್ ಬಗ್ಗೆ ಹೇಳಿದ್ದನ್ನೇ ಮತ್ತೊಮ್ಮೆ ಓದಿ. ವಿಜಿಎ ಮೇಲೆ ನಿಂತರೆ ಕಾರ್ಡನ್ನು ತೆಗೆದು ಮತ್ತೆ ಕೂರಿಸಿ. ಲೈಟ್ ಇಲ್ಲದ ಅಗ್ಗದ ಬೋರ್ಡ್ ಆದರೆ ಒಂದು ಸಣ್ಣ ಬೀಪ್ ಸ್ಪೀಕರ್ ತಂದು ಹಾಕಿ, ಅದು ಎಷ್ಟು ಸಲ ಕೂಗಿತು ಅಂತ ಎಣಿಸಿ ಮ್ಯಾನುಯಲ್ ನೋಡಿ. ಒಂದೊಂದು ಕಂಪನಿಗೆ ಒಂದೊಂದು ಲೆಕ್ಕ, ಗೆಳೆಯ ಹೇಳಿದ ಅರ್ಥ ನಿಮ್ಮ ಬೋರ್ಡಿಗೆ ನಡೆಯಲ್ಲ.

ಕಾರ್ಡ್ ಅಂದಾಗ ನೆನಪಾಯ್ತು. ಬೆಂಗಳೂರಿನಲ್ಲಿ ಜೋಡಿಸಿದ ಕ್ಯಾಬಿನೆಟ್ಟನ್ನು ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ಹಾಕಿಕೊಂಡು ಊರಿಗೆ ತರುವವರು ಬಹಳ. 500 ಕಿಲೋಮೀಟರ್ ಮೇಲಿನ ದಾರಿ, ಅಷ್ಟೂ ಹೊತ್ತು ಅಲುಗಾಟ. ಅಲ್ಲಿ ಓಡಿದ್ದು ಇಲ್ಲಿ ಓಡಲಿಲ್ಲ ಅಂದರೆ ಕಾರ್ಡೋ ರ‍್ಯಾಮೋ ಸಾಕೆಟ್ಟಿನಿಂದ ಎದ್ದಿದೆ ಅಂತಲೇ ತಿಳಿಯಿರಿ. ಭಾರದ ಗ್ರಾಫಿಕ್ಸ್ ಕಾರ್ಡನ್ನು ಬಿಚ್ಚಿ ಅದರ ಡಬ್ಬದಲ್ಲೇ ಬೇರೆ ತರುವುದು ವಾಸಿ, ಮತ್ತೆ ಹಾಕಲು ಐದು ನಿಮಿಷದ ಕೆಲಸ.

ಇಷ್ಟಕ್ಕೂ ಕಪ್ಪಾಗೇ ಇದ್ದರೆ ಸಿಎಂಒಎಸ್, ಅಂದರೆ ಬೋರ್ಡ್ ನೆನಪಿಟ್ಟುಕೊಂಡ ಸೆಟ್ಟಿಂಗ್, ಅಳಿಸಿ ನೋಡಿ. ಪ್ಲಗ್ ಕಿತ್ತು, ಬೋರ್ಡಿನ ಮೇಲಿನ ದುಂಡನೆ ಸೆಲ್, ಸಿಆರ್2032 ಅಂತ ಬರೆದಿರುವುದು, ಅದನ್ನು ತೆಗೆದು ಐದು ನಿಮಿಷ ಬಿಟ್ಟು ಹಾಕಿದರೆ ಬಯಾಸ್, ಅಂದರೆ ಮಷಿನ್ ಎಬ್ಬಿಸುವ ಬೋರ್ಡಿನ ಸಣ್ಣ ಪ್ರೋಗ್ರಾಮ್, ಮೊದಲಿನ ಸ್ಥಿತಿಗೆ ಬರುತ್ತದೆ. ರ‍್ಯಾಮ್ ವೇಗ ಹೆಚ್ಚು ಮಾಡಿದ ಮೇಲೆ ಮಷಿನ್ ನಿಂತಿದ್ದರೆ ಇದೇ ಮದ್ದು.

ಆಮೇಲೆ ಬಯಾಸ್‌ನ ವಯಸ್ಸು. ಅಂಗಡಿಯ ಕಪಾಟಿನಲ್ಲಿ ಬಹಳ ದಿನ ಕೂತ ಬೋರ್ಡಿಗೆ, ಅದಾದ ಮೇಲೆ ಬಂದ ಸಿಪಿಯು ಪರಿಚಯ ಇರಲ್ಲ. ಸಾಕೆಟ್ ಒಂದೇ, ಸಿಪಿಯು ಸರಿಯಾಗಿ ಕೂರುತ್ತದೆ, ಆದರೆ ಚಿತ್ರ ಬರಲ್ಲ. ಬಿ450 ಬೋರ್ಡಿಗೆ ರೈಜನ್ 5000 ಸರಣಿ, ಬಿ660 ಬೋರ್ಡಿಗೆ ಇಂಟೆಲ್ 13 ಅಥವಾ 14ನೇ ತಲೆಮಾರು, ಬಿ650 ಬೋರ್ಡಿಗೆ ರೈಜನ್ 9000, ಇವೆಲ್ಲ ಬಯಾಸ್ ಹೊಸದಿದ್ದರೆ ಮಾತ್ರ. ಬೋರ್ಡಿನ ಹಿಂದೆ ಬಯಾಸ್ ಫ್ಲ್ಯಾಶ್‌ಬ್ಯಾಕ್ ಗುಂಡಿ ಇದ್ದರೆ ನೀವು ಬಚಾವ್. ಕಂಪನಿಯ ಸೈಟಿನಿಂದ ನಿಮ್ಮ ಬೋರ್ಡಿನದೇ ಫೈಲ್ ಇಳಿಸಿ, ಫ್ಯಾಟ್32 ಮಾದರಿಗೆ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿಗೆ ಹಾಕಿ, ಮ್ಯಾನುಯಲ್ ಹೇಳಿದ ಹೆಸರು ಕೊಟ್ಟು, ಗುರುತು ಮಾಡಿದ ಯುಎಸ್‌ಬಿ ತೂತಿಗೆ ಸಿಕ್ಕಿಸಿ ಗುಂಡಿ ಒತ್ತಿ ಹಿಡಿಯಬೇಕು. ಲೈಟ್ ಮಿಣುಕುವುದು ನಿಲ್ಲುವ ತನಕ ಮುಟ್ಟಬೇಡಿ. ಈ ಒಂದು ಕೆಲಸಕ್ಕೆ ಮಾತ್ರ ಯುಪಿಎಸ್ ಇರಲೇಬೇಕು, ಅರ್ಧಕ್ಕೆ ಕರೆಂಟ್ ಹೋದರೆ ಬೋರ್ಡ್ ನಡುನೀರಿನಲ್ಲಿ. ಗುಂಡಿ ಇಲ್ಲದಿದ್ದರೆ ಅಂಗಡಿಗೆ ಹೋಗಿ, ಹಳೆ ಸಿಪಿಯು ಹಾಕಿ ಬಯಾಸ್ ಹೊಸದು ಮಾಡಿಕೊಡುತ್ತಾರೆ.

ಸಿಪಿಯು ತೆಗೆದು ನೋಡುವುದು ಕಟ್ಟಕಡೆಗೆ. ಎಎಂಡಿಯ ಹಳೆ ಸಾಕೆಟ್ ಎಎಂ4ರಲ್ಲಿ ಪಿನ್ ಇರುವುದು ಸಿಪಿಯು ಮೇಲೆ. ಕೂಲರ್ ಎತ್ತುವಾಗ ಬಿಸಿ ಸಾಗಿಸುವ ಪೇಸ್ಟಿಗೆ ಅಂಟಿಕೊಂಡು ಸಿಪಿಯು ಕೂಡ ಕಿತ್ತು ಬರಬಹುದು, ಅದಕ್ಕೇ ನೇರ ಎಳೆಯದೆ ಮೆಲ್ಲಗೆ ಆಚೀಚೆ ತಿರುವಿ ಬಿಡಿಸಿ. ಇಂಟೆಲ್ 1700 ಮತ್ತು ಎಎಂ5ರಲ್ಲಿ ಪಿನ್ ಇರುವುದು ಸಾಕೆಟ್ಟಿನಲ್ಲಿ. ಫೋನಿನ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಎಲ್ಲಾ ಪಿನ್ ಒಂದೇ ಥರ ಹೊಳೆಯಬೇಕು, ಸಾಲಿನಲ್ಲಿ ಎಲ್ಲಾದರೂ ಹೊಳಪು ತಪ್ಪಿದರೆ ಅಲ್ಲಿ ಪಿನ್ ಬಗ್ಗಿದೆ. ಬೆರಳು ಹಾಕಬೇಡಿ, ಸೂಜಿಯಿಂದ ನೆಟ್ಟಗೆ ಮಾಡಲು ಹೋಗಿ ಮುರಿದರೆ ವಾರಂಟಿಯೂ ಇಲ್ಲ ಬೋರ್ಡೂ ಇಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಏಳದಿದ್ದರೆ ಆಗ ಭಾಗ ಕೆಟ್ಟಿದೆ ಅನ್ನಬಹುದು. ಯಾವುದು ಅಂತ ತಿಳಿಯಲು ಓಡುತ್ತಿರುವ ಇನ್ನೊಂದು ಮಷಿನ್‌ನಿಂದ ರ‍್ಯಾಮ್, ಎಸ್‌ಎಂಪಿಎಸ್ ತಂದು ಹಾಕಿ ನೋಡುವುದೇ ಸರಿಯಾದ ದಾರಿ. ನನಗೆ ಸಿಕ್ಕ ಆ ಒಂದು ಕೆಟ್ಟ ಭಾಗ ರ‍್ಯಾಮ್ ಆಗಿತ್ತು, ಎರಡು ಪಟ್ಟಿಯಲ್ಲಿ ಒಂದು. ಅಂಗಡಿಯವರು ಮೊದಲು ಒಪ್ಪಲಿಲ್ಲ, "ನೀವೇ ಜೋಡಿಸುವಾಗ ಹಾಳು ಮಾಡಿದ್ದೀರಿ" ಅಂದರು. ಡಬ್ಬ ಒಡೆಯುವಾಗ ತೆಗೆದ ವಿಡಿಯೋ ಇತ್ತು, ಒಳ್ಳೆ ಪಟ್ಟಿ ಹಾಕಿದರೆ ಓಡುವುದು, ಕೆಟ್ಟದ್ದು ಹಾಕಿದರೆ ನಿಲ್ಲುವುದು ಅದನ್ನೂ ವಿಡಿಯೋ ಮಾಡಿದ್ದೆ, ತೋರಿಸಿದ ಮೇಲೆ ಬದಲಿಸಿ ಕೊಟ್ಟರು. ಬಿಲ್ಲು, ಡಬ್ಬ, ಸೀರಿಯಲ್ ನಂಬರಿನ ಚೀಟಿ, ಯಾವುದನ್ನೂ ಬಿಸಾಡಬೇಡಿ. ಆನ್‌ಲೈನಿನಲ್ಲಿ ತರಿಸಿದ್ದರೆ ವಾಪಸ್ ಮಾಡುವ ದಿನಗಳು ಕಡಿಮೆ ಇರುತ್ತವೆ, ಎಲ್ಲಾ ಭಾಗ ಬರಲಿ ಆಮೇಲೆ ಜೋಡಿಸೋಣ ಅಂತ ಒಂದು ತಿಂಗಳು ಕಪಾಟಿನಲ್ಲಿ ಇಟ್ಟರೆ ಆ ದಿನಗಳು ದಾಟಿಹೋಗುತ್ತವೆ.

ಎದ್ದ ಮೇಲೆ ಪರದೆಯಲ್ಲಿ ಬೂಟ್ ಡಿವೈಸ್ ಸಿಗಲಿಲ್ಲ ಅಂತ ಬಂದರೆ ಮತ್ತೆ ಫೋನ್ ಮಾಡಬೇಡಿ, ಡಿಸ್ಕಿನಲ್ಲಿ ವಿಂಡೋಸ್ ಇನ್ನೂ ಹಾಕಿಲ್ಲ ಅಷ್ಟೇ ಅದರ ಅರ್ಥ, ಮಷಿನ್ ಚೆನ್ನಾಗಿದೆ. ಮೊದಲು ಬಯಾಸ್ ಒಳಗೆ ಹೋಗಿ ರ‍್ಯಾಮ್ ಪೂರ್ತಿ ತೋರಿಸ್ತಿದೆಯಾ, ಸಿಪಿಯು ಬಿಸಿ ಎಷ್ಟಿದೆ ನೋಡಿ. ನಮ್ಮ ಬೇಸಿಗೆಯಲ್ಲಿ ಸುಮ್ನೆ ಕೂತಾಗ 50 ಡಿಗ್ರಿ ಆಸುಪಾಸು ಇದ್ದರೆ ಚಿಂತೆ ಇಲ್ಲ. ಬಯಾಸ್‌ನಲ್ಲೇ 80, 90 ಅಂತ ಏರುತ್ತಾ ಹೋದರೆ ತಕ್ಷಣ ಆಫ್ ಮಾಡಿ ಕೂಲರ್ ಎತ್ತಿ ನೋಡಿ, ಅದರ ತಳದ ಪ್ಲಾಸ್ಟಿಕ್ ಹಾಳೆಯನ್ನು ತೆಗೆಯುವುದು ಮರೆತಿರುತ್ತೀರಿ. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲನ್ನು ಒಂದೆರಡು ದಿನ ಹಾಕಲೇಬೇಡಿ. ಹಾಕಿದ ದಿನವೇ ಏನೋ ಒಂದು ಬಿಚ್ಚುವ ಕೆಲಸ ಬರುತ್ತದೆ, ನಮ್ಮ ಹುಡುಗ ಬಾಗಿಲು ಹಾಕಿ ನಾಲ್ಕೂ ಸ್ಕ್ರೂ ಬಿಗಿದ ಮೇಲೆ ನೋಡಿದರೆ ಪವರ್ ಲೈಟಿನ ವೈರ್ ತಿರುಗಾ ಮುರುಗಾ ಹಾಕಿದ್ದ.